ಭೀಮಾ ದಂಡಿಯಲ್ಲಿ ನಿಂತ ಬಂಡಿ

ಬೆಳಗಿನ ಐದೂವರೆ. ಆಳಂದದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಚಹಾದ ಒಲೆ ಕೂಡ ಇನ್ನೂ ಹೊತ್ತಿಲ್ಲ. ಒಂದು ಅಂಗಡಿಯ ತಗಡಿನ ಬಾಗಿಲು ಮಾತ್ರ ಅರ್ಧ ತೆರೆದಿದೆ. ಒಳಗಿನಿಂದ ಜೀರುಂಡೆಯೊಂದು ಉಸಿರು ತೆಗೆದುಕೊಳ್ಳದೆ ಕಿರುಚುತ್ತಿರುವಂಥ ಸದ್ದು. ಬಗ್ಗಿ ನೋಡಿದರೆ, ನೆಲದ ಮೇಲೆ ಒಬ್ಬ ಹೆಂಗಸು ಹಳೆಯ ಟೇಪ್‌ರೆಕಾರ್ಡರಿಗೆ ಕಿವಿ ಹಚ್ಚಿ ಕುಳಿತಿದ್ದಾರೆ. ಎಡಗೈಯಲ್ಲಿ ಗಡಿಯಾರದವರು ಬಳಸುವಂಥ ಸಣ್ಣ ಸ್ಕ್ರೂಡ್ರೈವರ್. ಸದ್ದು ಸ್ವಲ್ಪ ಮಂಕಾದರೆ ಅದನ್ನು ಕೂದಲೆಳೆಯಷ್ಟು ತಿರುಗಿಸುತ್ತಾರೆ. ಸದ್ದು ಮತ್ತೆ ಚೂಪಾಗುತ್ತದೆ.

ನಾನು ನಮಸ್ಕಾರ ಎನ್ನಲು ಬಾಯಿ ತೆರೆಯುತ್ತೇನೆ. ಅವರು ಬಲಗೈ ಎತ್ತಿ ತಡೆಯುತ್ತಾರೆ. "ಸ್... ಮಾತಾಡಬ್ಯಾಡ್ರಿ. ಇನ್ನ ನಾಕ ನಿಮಿಷ ಅದ."

ಒಟ್ಟು ಎಂಟು ನಿಮಿಷ. ಅಷ್ಟು ಹೊತ್ತು ಆ ಕಿರುಚಾಟ ಎಲ್ಲೂ ತಡವರಿಸದಿದ್ದರೆ, ಕ್ಯಾಸೆಟ್ಟಿನಲ್ಲಿರುವ ಆಟ ಪಕ್ಕದ ಕಂಪ್ಯೂಟರಿಗೆ ಏರುತ್ತದೆ. ಕಂಪ್ಯೂಟರೆಂದರೆ ಹಲಗೆಯಗಲದ ಒಂದು ಕರಿಯ ಡಬ್ಬಿ, ಮೇಲೆ ಸವೆದ ಗುಂಡಿಗಳು. ತಡವರಿಸಿದರೆ ಮತ್ತೆ ಮೊದಲಿನಿಂದ. ಇವತ್ತು ತಡವರಿಸಲಿಲ್ಲ. ಕಪ್ಪುಬಿಳುಪು ಟಿ.ವಿ.ಯ ಗಾಜಿನ ಮೇಲೆ ಒಂದು ಎತ್ತಿನ ಬಂಡಿ ಮೂಡುತ್ತದೆ. ಚೌಕ ಚೌಕ ಚುಕ್ಕಿಗಳಿಂದ ಕಟ್ಟಿದ ಎರಡು ಎತ್ತು, ರುಮಾಲು ಸುತ್ತಿದ ಒಬ್ಬ ಮನುಷ್ಯ, ತಲೆಯ ಮೇಲಿನ ಬಯಲಿನಲ್ಲಿ ಸಾಲಾಗಿ ಐದು ಉಂಡಿ, ಪಂಚಮಿಯ ಸಿಹಿ ಉಂಡೆಗಳು.

"ಬಂದ ನೋಡ್ರಿ," ಎನ್ನುತ್ತಾರೆ ಸುಲಭಾಬಾಯಿ. ಮನೆಗೆ ಯಾರೋ ಬಂದಾಗ ಹೇಳುವ ಹಾಗೆಯೇ. ಹೊರಗೆ ಮೆಟ್ಟಿಲ ಮೇಲೆ ಮೂವರು ಲಾರಿ ಡ್ರೈವರುಗಳು ಆಗಲೇ ಚಪ್ಪಲಿ ಬಿಟ್ಟು ನಿಂತಿದ್ದಾರೆ.

ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿನ ಮಂದಿಗೆ ಈ ಆಟ ಗೊತ್ತು. 'ವಾಮನನ ಬಂಡಿ' ಎನ್ನುತ್ತಾರೆ. ನಾಲ್ಕು ವರ್ಷದಿಂದ ಜನ ಇದನ್ನು ಆಡುತ್ತಿದ್ದಾರೆ, ಬೈಯುತ್ತಿದ್ದಾರೆ, ಮತ್ತೆ ಬಂದು ಆಡುತ್ತಿದ್ದಾರೆ. ಯಾರೊಬ್ಬರೂ ಇದುವರೆಗೆ ಗೆದ್ದಿಲ್ಲ. ಗೆಲ್ಲಲು ಬರುವುದೂ ಇಲ್ಲ. ಏಕೆಂದರೆ ಆಟ ಪೂರ್ತಿಯಾಗಿಲ್ಲ.

ಪಂಚಮಿ ಹಬ್ಬಕ್ಕೆ ಅಣ್ಣನೊಬ್ಬ ತಂಗಿಯನ್ನು ತವರಿಗೆ ಕರೆಯಲು ಆಳಂದದಿಂದ ಬಂಡಿ ಹೂಡುತ್ತಾನೆ. ಇಷ್ಟೇ ಆಟ. ನಿಂಬರ್ಗಾದ ತೊಗರಿ ಹೊಲದಲ್ಲಿ ಚಿಗರಿ ಜಿಂಕೆಗಳು ಅಡ್ಡ ಹಾರುತ್ತವೆ. ಅಫಜಲಪುರದ ದಾರಿಯಲ್ಲಿ ಕುರಿಹಿಂಡು, ತಗ್ಗು, ಮೈಮೇಲೆ ಬರುವ ಬಸ್ಸು. ತಗುಲಿದಾಗಲೆಲ್ಲ ಒಂದು ಉಂಡಿ ಉರುಳುತ್ತದೆ. ಐದೂ ಉಂಡಿ ಹೋದರೆ ಬಂಡಿ ತಾನಾಗಿಯೇ ತಿರುಗಿ ಆಳಂದಕ್ಕೆ ಬಂದುಬಿಡುತ್ತದೆ, ತಂಗಿಯ ಮನೆಗೆ ಖಾಲಿ ಕೈಯಲ್ಲಿ ಹೋಗಬಾರದಲ್ಲ! ಒಂದಾದರೂ ಉಂಡಿ ಉಳಿಸಿಕೊಂಡು ಹೋದವರು ಭೀಮಾ ಹೊಳೆಯ ದಂಡೆಗೆ ಬಂದು ಮುಟ್ಟುತ್ತಾರೆ. ಆಚೆ ಜೇವರ್ಗಿ, ತಂಗಿಯ ಕಡೆ. ಹೊಳೆ ಅಲೆಯಾಡುತ್ತದೆ. ಬಂಡಿ ನಿಲ್ಲುತ್ತದೆ. ಎತ್ತು ಒಮ್ಮೆ ತಲೆ ಅಲ್ಲಾಡಿಸುತ್ತದೆ.

ಆಮೇಲೆ ಏನೂ ಇಲ್ಲ. ಬಂಡಿ ನಡೆಸುವ ಹಿಡಿಕೆಯನ್ನು ಯಾವ ಕಡೆ ತಿರುವಿದರೂ ಇಲ್ಲ. ಹರಗೋಲು ಬರುವುದಿಲ್ಲ, ಸೇತುವೆ ಇಲ್ಲ, ಸೋತಿರಿ ಎಂದೂ ಹೇಳುವುದಿಲ್ಲ. ಅಣ್ಣ ನಿಂತಿರುತ್ತಾನೆ, ಕರೆಂಟು ಹೋಗುವ ತನಕ.

ನನ್ನಜ್ಜಿ ಕಥೆಯ ನಡುವೆ ಎದ್ದು ಹೋಗಲು ಬಿಡುತ್ತಿರಲಿಲ್ಲ. ಅರ್ಧಕ್ಕೆ ಬಿಟ್ಟ ಕಥೆಯ ರಾಜಕುಮಾರ ಎಲ್ಲಿ ಬಿಟ್ಟಿರೋ ಅಲ್ಲೇ ಮಳೆಯಲ್ಲಿ ನೆನೆಯುತ್ತ ನಿಂತಿರುತ್ತಾನೆ ಎನ್ನುತ್ತಿದ್ದಳು. ಆಳಂದದ ಈ ಅಂಗಡಿಯಲ್ಲಿ ಮೊದಲ ಸಲ ಅವನನ್ನು ಕಣ್ಣಾರೆ ಕಂಡೆ.

ವಾಮನ ಸುಲಭಾಬಾಯಿಯ ಅಣ್ಣ. ಗುಲಬರ್ಗಾದಲ್ಲಿ ಪಾಲಿಟೆಕ್ನಿಕ್ ಓದಿ ಬಂದವನು ಇದೇ ಅಂಗಡಿಯಲ್ಲಿ ರೇಡಿಯೊ, ಟಿ.ವಿ. ರಿಪೇರಿ ಇಟ್ಟ. ಸೊಲ್ಲಾಪುರದ ಹಳೆಯ ಸಾಮಾನಿನ ಪೇಟೆಯಲ್ಲಿ ಈ ಕರಿಯ ಡಬ್ಬಿ ಸಿಕ್ಕಿತು. ಊಟ, ನಿದ್ದೆ, ಮದುವೆಯ ಮಾತು ಎಲ್ಲವನ್ನೂ ಬದಿಗಿಟ್ಟು ಅದರ ಮುಂದೆ ಕೂತ. ಚೌಕಳಿ ಹಾಳೆಯ ವಹಿಯಲ್ಲಿ ಚುಕ್ಕಿ ತುಂಬಿ ತುಂಬಿ ಎತ್ತು ಮಾಡಿದ, ಚಿಗರಿ ಮಾಡಿದ. ಪರದೇಶದ ಆಟಗಳಲ್ಲಿ ಬರೀ ಬಂದೂಕು, ನಮ್ಮ ಆಟ ನಮ್ಮ ಹಾದಿಯಲ್ಲಿ ನಡೆಯಲಿ ಎಂಬುದು ಅವನ ಹಟ.

ಅಂಗಡಿಯ ಗೋಡೆಯಲ್ಲಿ ಅವನು ತೂಗುಹಾಕಿದ ತಗಡಿನ ಫಲಕ ಇನ್ನೂ ಇದೆ. 'ಪಂಚಮಿಗೆ ಬರುತ್ತದೆ ಹೊಸ ಆಟ.' ತೊಂಬತ್ತೆರಡರ ಪಂಚಮಿ. ಮೂರು ತಿಂಗಳ ಮುಂಚೆಯೇ ಹಾಕಿದ್ದ. ಊರಿಗೆಲ್ಲ ಹೇಳಿಕೊಂಡು ತಿರುಗಿದ್ದ. ಹಬ್ಬಕ್ಕೆ ಎಂಟು ದಿನ ಇರುವಾಗ ಕಣ್ಣು ಹಳದಿಯಾದವು. ಕಾಮಾಲೆ. ತಾಯಿ ತುಳಸಾಬಾಯಿ ಮಲಗು ಎಂದರೆ ಕೇಳಲಿಲ್ಲ.

"'ಮಾತ ಕೊಟ್ಟೇನಿ ಅವ್ವ, ಮಂದಿ ಬರ್ತಾರ' ಅಂದ," ಎನ್ನುತ್ತಾರೆ ತುಳಸಾಬಾಯಿ. ಎಪ್ಪತ್ತರ ಮುದುಕಿ, ಅಂಗಡಿಯ ಹಿಂದಿನ ಕೋಣೆಯಲ್ಲಿ ಅವಲಕ್ಕಿ ಆರಿಸುತ್ತ ಕೂತಿದ್ದಾರೆ. "ಹೊಳಿ ಇನ್ನ ದಾಟಸೋದದ, ಅದನ್ನ ಆಮ್ಯಾಲ ಹಾಕ್ತೇನಿ, ಈಗ ಇದ್ದಷ್ಟ ಬಿಡ್ತೇನಿ ಅಂದ. ಗ್ವಾಡಿ ಹಿಡಕೊಂಡ ಅಂಗಡಿಗಿ ಬಂದ ನನ್ನ ಮಗ."

ಪಂಚಮಿಯ ದಿನ ಓಣಿ ತುಂಬಿತು. ಮಧ್ಯಾಹ್ನದ ಹೊತ್ತಿಗೆ ಮೊದಲ ಆಟಗಾರ ಹೊಳೆಯ ದಂಡೆಗೆ ಬಂದ. ಖಜೂರಿಯ ಲಾರಿ ಡ್ರೈವರ್ ಬಂದೇನವಾಜ. ಆವತ್ತಿನ ಕಥೆ ಅವರ ಬಾಯಲ್ಲೇ ಕೇಳಬೇಕು. ಈಗ ಮೆಟ್ಟಿಲ ಮೇಲೆ ನಿಂತ ಮೂವರಲ್ಲಿ ಅವರೂ ಒಬ್ಬರು.

"ನಾ ಫಸ್ಟ್ ಮುಟ್ಟಿದ್ದು ರೀ. ಕೈಯಾಗ ಮೂರ ಉಂಡಿ ಇದ್ದು! ಸೀಟಿ ಹೊಡದೆ. ಮಂದಿ ನನ್ನ ಎತ್ತಿಕೊಂಡ್ರು. ಆಮ್ಯಾಲ ನೋಡ್ತೇನಿ, ಗಾಡಿ ಹಿಲ್ಲಂಗಿಲ್ಲ, ಅಲುಗಂಗಿಲ್ಲ. ಹತ್ತ ನಿಮಿಷ ಹಿಡಿಕಿ ಗುದ್ದೀನಿ. 'ಏ ವಾಮನ್ಯಾ, ಇದೇನಲೇ?' ಅಂದ್ರ, 'ಹೊಳಿ ಇನ್ನೂ ಬರದಿಲ್ಲ ಮಾಮು, ಎಂಟ ದಿನ ತಡೀರಿ' ಅಂದ. ನನಗ ತಲಿ ಕೆಟ್ಟಿತ್ರಿ. ಪೂರಾ ಮಾಡದ ಯಾಕ ಕರದಿ, ಲಗ್ನಕ್ಕ ಕರದ ಮದಮಗಳಿಲ್ಲ ಅಂದಂಗಾತು, ನಾಚಿಕಿ ಆಗಂಗಿಲ್ಲೇನ ಅಂದೆ. ಎಲ್ಲಾರ ಮುಂದ ಅಂದೆ." ಜೇಬಿನಲ್ಲಿ ಬೀಡಿ ಹುಡುಕುತ್ತಾರೆ. ಹಚ್ಚುವುದಿಲ್ಲ. "ಅವ ನಕ್ಕ ರೀ. ಕಣ್ಣ ಅರಿಷಿಣ ಆಗಿದ್ದು. ನಾ ನೋಡಲಿಲ್ಲ. ಬೈಯೋ ಮನಶಾಗ ಕಣ್ಣ ಎಲ್ಲಿ ಕಾಣ್ತಾವ?"

ಹದಿನಾರನೆಯ ದಿನ ವಾಮನ ತೀರಿಕೊಂಡ. ಇಪ್ಪತ್ತೊಂಬತ್ತು ವರ್ಷ.

ಸುಲಭಾಬಾಯಿ ಆಗ ಜೇವರ್ಗಿ ತಾಲೂಕಿನಲ್ಲಿ, ಹೊಳೆದಂಡೆಯ ಒಂದು ಹಳ್ಳಿಯಲ್ಲಿ, ಗಂಡ ವ್ಯಂಕಟೇಶ ಮಾಸ್ತರರ ಜೊತೆ ಇದ್ದರು. ಮದುವೆಯಾಗಿ ಆರು ವರ್ಷ, ಆರೂ ಪಂಚಮಿಗೆ ಅಣ್ಣ ತಪ್ಪದೆ ಕರೆಯಲು ಹೋಗಿದ್ದ. ಏಳನೆಯ ವರ್ಷ ಅವನ ಬದಲು ಒಂದು ಕಾರ್ಡು ಬಂತು. ಅದನ್ನು ಅವರು ಪ್ಲಾಸ್ಟಿಕ್ ಚೀಲದಲ್ಲಿಟ್ಟಿದ್ದಾರೆ. ನನ್ನ ಕೈಗೆ ಕೊಡುವುದಿಲ್ಲ, ತಾವೇ ಹಿಡಿದು ತೋರಿಸುತ್ತಾರೆ. 'ಈ ಸಲ ಕರಿಯಾಕ ಬರೂದು ಆಗೂದಿಲ್ಲ. ಕೆಲಸದ. ನೀನ ಬಾ. ನಿನಗೊಂದು ತೋರಸೂದದ.' ಕಾಮಾಲೆಯ ಮಾತೇ ಇಲ್ಲ.

"ನನಗ ಸಿಟ್ಟ ಬಂತ್ರಿ," ಎನ್ನುತ್ತಾರೆ. ಟಿ.ವಿ.ಯ ಗಾಜನ್ನು ಸೆರಗಿನಿಂದ ಒರೆಸುತ್ತಲೇ ಇದ್ದಾರೆ, ಅದರ ಮೇಲೆ ಧೂಳೇ ಇಲ್ಲ. "ಕರಿಯಾಕ ಬರದ ತವರಿಗಿ ಹೋದ್ರ ಓಣ್ಯಾಗ ಏನಂತಾರ? ಈಕಿಗಿ ಹಿಂದ ಮುಂದ ಯಾರೂ ಇಲ್ಲ ಅಂತಾರ. ನಮ್ಮ ಮನಿಯವರು ಅಂದ್ರು, 'ನಾ ಬಸ್ ಹತ್ತಿಸಿ ಬರ್ತೇನಿ, ಹೋಗು' ಅಂತ. ನಾ ಒಲ್ಲೆ ಅಂದೆ. ಬಂದ ಕರೀಲಿ ಅಂದೆ. ಕಾರ್ಡಿಗೆ ಉತ್ತರ ಸೈತ ಬರೀಲಿಲ್ಲ. ಉಂಡಿ ಕಟ್ಟಲಿಲ್ಲ, ಜೋಕಾಲಿ ಆಡಲಿಲ್ಲ. ಹೊಳಿ ಕಡೆ ಬಾಗಲಾ ಹಾಕ್ಕೊಂಡ ಕುಂತೆ. ಹದಿನಾರ ದಿನ."

ತಂತಿ ಬಂದಾಗ ಬಸ್ ಹತ್ತಿದರು. ಯಾರೂ ಕರೆಯಲು ಬಂದಿರಲಿಲ್ಲ.

ಮಾಸ್ತರರು ಓಡಾಡಿ ಸರಸಂಬಾ ಶಾಲೆಗೆ ಬದಲಿ ಮಾಡಿಸಿಕೊಂಡರು. ತಾಯಿಯ ಮನೆಯಲ್ಲೇ ಸಂಸಾರ. ಅಂಗಡಿ ಮಾರಿಬಿಡಿ ಎಂದು ಬಂಧುಗಳು ಹೇಳಿದರು. ಸುಲಭಾಬಾಯಿ ಏಳನೆಯ ತರಗತಿ ಓದಿದವರು, ಫ್ಯೂಸು ಕಟ್ಟಲೂ ಬರುತ್ತಿರಲಿಲ್ಲ. ಆದರೆ ವಾಮನ ಹೋದ ಮೇಲೂ ಜನ ಬಂದು ಮುಚ್ಚಿದ ಬಾಗಿಲು ಬಡಿಯುತ್ತಿದ್ದರು. ಬಂಡಿ ಅದ ಏನ್ರಿ? ಒಮ್ಮೆ ತೋರಸ್ರಿ.

"ಒಂದಿನ ತೆಗದೆ. ಕ್ಯಾಸೆಟ್ ಹ್ಯಾಂಗ ಏರಸೋದು ಅಂತ ಕಲಿಯಾಕ ಇಪ್ಪತ್ತ ದಿನ ಹಿಡೀತು. ಏರಿದ ಮ್ಯಾಲ ನಾನೂ ಆಡಿದೆ. ಹನ್ನೊಂದ ಸಲ ಸೋತೆ. ಹನ್ನೆರಡನೇ ಸಲ ಹೊಳಿಗಿ ಬಂದೆ. ಅವ ಅಲ್ಲಿ ನಿಂತಿದ್ದ ರೀ. ಆವಾಗ ತಿಳೀತು, ಆ ಕಾರ್ಡಿನ್ಯಾಗ ತೋರಸೂದದ ಅಂದದ್ದು ಇದನ್ನ ಅಂತ."

ಈಗ ದಿನಚರಿ ಹೀಗೆ: ನಾಲ್ಕೂವರೆಗೆ ಎದ್ದು ನೀರು ತುಂಬುವುದು, ಐದಕ್ಕೆ ಅಂಗಡಿ. ಸ್ಪಿರಿಟ್ಟಿನಲ್ಲಿ ಅದ್ದಿದ ಅರಳೆಯಿಂದ ಟೇಪ್‌ರೆಕಾರ್ಡರಿನ ಹೆಡ್ಡು ಒರೆಸುವುದು, ಆಮೇಲೆ ಎಂಟು ನಿಮಿಷದ ತಪಸ್ಸು. ಬೆಳಗಿನ ಜಾವವೇ ಆಗಬೇಕು. "ಹೊತ್ತೇರಿದ ಮ್ಯಾಲ ದಾಲ್ ಮಿಲ್ಲಿನ ಮೋಟಾರು ಸುರು ಆಗ್ತಾವ. ಕರೆಂಟ್ ಕುಣೀತದ. ಕುಣಿಯೋ ಕರೆಂಟಿನ್ಯಾಗ ಇದು ಏರಂಗಿಲ್ಲ." ದಿನಕ್ಕೆ ಒಂದೇ ಸಲ ಏರಿಸುತ್ತಾರೆ, ಹೆಚ್ಚು ಓಡಿಸಿದರೆ ಟೇಪು ಸವೆಯುತ್ತದೆ. ಕರೆಂಟು ಹೋಯಿತೋ, ಆವತ್ತಿನ ಬಂಡಿ ಅಷ್ಟೇ. ಹನ್ನೊಂದಕ್ಕೆ ಹೋದರೂ ಹನ್ನೊಂದಕ್ಕೇ, ಆರಕ್ಕೆ ಹೋದರೂ ಆರಕ್ಕೇ. ಪಕ್ಕದಲ್ಲಿ ಬಂದೂಕಿನ ಆಟದ ಎರಡು ಟಿ.ವಿ. ಇವೆ, ಮನೆ ನಡೆಯುವುದು ಅವುಗಳಿಂದ. ಬಂಡಿ ನೋಡಲು ಮಾತ್ರ ಸರದಿ. ದಿನಕ್ಕೆ ಮೂವತ್ತು ಮೂವತ್ತೈದು ಮಂದಿ ಆಡುತ್ತಾರೆ. ಅದರಲ್ಲಿ ಹೊಳೆ ಮುಟ್ಟುವವರು ಐದಾರು.

ಮುಟ್ಟಿದವರಿಗೆ ಸುಲಭಾಬಾಯಿ ಒಂದು ಚೂರು ಬೆಲ್ಲ, ಒಂದು ತಂಬಿಗೆ ನೀರು ಕೊಡುತ್ತಾರೆ. ಬಿಸಿಲಲ್ಲಿ ನಡೆದು ಬಂದ ಬೀಗರಿಗೆ ಕೊಟ್ಟ ಹಾಗೆ. ಯಾಕೆ ಎಂದು ಕೇಳಿದೆ. "ಅಷ್ಟು ದೂರ ಬಂದಿರ್ತಾರಲ್ರಿ, ದಣದಿರ್ತಾರ. ಮುಂದ ಕೊಡಾಕ ನನ್ನ ಕಡೆ ಮತ್ತೇನದ?"

ಈ ಬೆಲ್ಲ ನೀರಿನ ಹಿಂದೆ ಏನೇನು ಬೈಗುಳ ಬಿದ್ದಿವೆ! "ಅಕ್ಕಾರ, ಟಿಕೆಟ್ ಆಳಂದಿಂದ ಜೇವರ್ಗಿತನಾ ತಗದು ಅಫಜಲಪುರದಾಗ ಇಳಸ್ತೀರಿ," ಎಂದು ಒಬ್ಬ ಕಂಡಕ್ಟರ್ ಅಂದನಂತೆ. ತಂಗಿ ಇದ್ದಾಳೋ ಇಲ್ಲೋ ಮೊದಲು ಅದನ್ನು ಹೇಳಿ ಎಂದು ಕಾಲೇಜು ಹುಡುಗರು ಚೇಷ್ಟೆ ಮಾಡಿದರು. ದಾಲ್ ಮಿಲ್ಲಿನ ಹಮಾಲ ಶಿವರಾಯ ಮೊದಲ ವರ್ಷ ಹೊಳೆ ಮುಟ್ಟಿ, ಅರ್ಧ ತಾಸು ಕಾದು, 'ಮೋಸ!' ಎಂದು ಕೂಗಿ ಹಿಡಿಕೆಯನ್ನು ಕಿತ್ತು ನೆಲಕ್ಕೆ ಅಪ್ಪಳಿಸಿ ಹೊರಟುಹೋದ. ಸುಲಭಾಬಾಯಿ ಚೂರುಗಳನ್ನು ಆರಿಸಿ ಕಟ್ಟಿಟ್ಟರು, ಜಗಳಕ್ಕೆ ಹೋಗಲಿಲ್ಲ. ಮೂರನೆಯ ದಿನ ಶಿವರಾಯನೇ ಬಂದ. ಯಾರೋ ಹೊರಗೆ ಅವನಿಗೆ ವಾಮನನ ಸುದ್ದಿ ಹೇಳಿದ್ದರು. ಚೂರು ಕೇಳಿ ಒಯ್ದು, ತಗಡಿನ ಪಟ್ಟಿ ಬಿಗಿದು ಸರಿ ಮಾಡಿ ತಂದ. ಇವತ್ತಿಗೂ ಹಿಡಿಕೆ ಅದೇ. ಬೆಲ್ಲದ ಪೆಂಟೆ ತರುವವನೂ ಈಗ ಅವನೇ.

ಎಲ್ಲಕ್ಕಿಂತ ಸೋಜಿಗದ್ದು ಬೇಸಿಗೆಯ ಕಥೆ. ಬಂದೇನವಾಜ ಲಾರಿ ಹೊಡೆಯುತ್ತ ಭೀಮಾ ದಾಟುವಾಗ ಒಂದು ಉಪಾಯ ಹೊಳೆಯಿತಂತೆ. ಚೈತ್ರ ವೈಶಾಖದಲ್ಲಿ ಹೊಳೆ ಬತ್ತಿ ಮರಳು ಬೀಳುತ್ತದೆ, ಕುರಿ ಕೂಡ ದಾಟುತ್ತವೆ. ಹಾಗಿದ್ದರೆ ಆಟವನ್ನು ಬೇಸಿಗೆಯಲ್ಲಿ ಆಡಿದರೆ? ಮಾತು ಒಬ್ಬರಿಂದೊಬ್ಬರಿಗೆ ಹೋಯಿತು. ತೊಂಬತ್ಮೂರರ ಏಪ್ರಿಲ್‌ನಲ್ಲಿ ಓಣಿಯ ತುದಿಯ ತನಕ ಮಂದಿ. ಜೇವರ್ಗಿಯಿಂದ ಬುತ್ತಿ ಕಟ್ಟಿಕೊಂಡು ಬಂದವರಿದ್ದರು.

"ನಾ ಹೇಳಿದೆ ರೀ ಅವರಿಗಿ, ಇದರಾಗ ಹೊಳಿ ಬತ್ತಂಗಿಲ್ರಪ್ಪಾ, ನಮ್ಮಣ್ಣ ಬರದದ್ದು ಶ್ರಾವಣದ ಹೊಳಿ ಅಂತ. ಕೇಳಲಿಲ್ಲ. ಬಿಸಲಾಗ ನಿಂತ ಆಡಿದ್ರು. ಮುಟ್ಟಿದವರು ನೀರ ಕಡಿಮಿ ಆಗ್ಯಾದೇನು ಅಂತ ಗಾಜಿಗಿ ಮುಖ ಹಚ್ಚಿ ನೋಡತಿದ್ರು. ಒಬ್ಬ ಅಂದ, 'ಒಂದ ಗೇಣ ಇಳದಂಗ ಕಾಣ್ತದ ನೋಡವ್ವ.'" ಸುಲಭಾಬಾಯಿ ನಗುತ್ತಾರೆ. ನಾನು ನೋಡಿದ ಅವರ ಮೊದಲ ನಗೆ. "ನನಗೂ ಹಾಂಗ ಕಂಡ್ತು ಅನ್ರಿ."

ಆಟವನ್ನು ಒಮ್ಮೆಯೂ ಬೈಯದವಳು ನಿಂಬರ್ಗಾದ ಗುರುಬಾಯಿ ಒಬ್ಬಳೇ. ಕೂಲಿ ಮಾಡುವ ಮುದುಕಿ, ಸಂತೆಯ ದಿನ ಸೊಪ್ಪು ತರುತ್ತಾಳೆ. ಹಿಡಿಕೆ ಮುಟ್ಟುವುದಿಲ್ಲ, ಬುಟ್ಟಿ ಇಳಿಸಿ ಬಾಗಿಲಲ್ಲಿ ನಿಂತು ಬೇರೆಯವರ ಆಟ ನೋಡುತ್ತಾಳೆ. ಆಟ ಅರ್ಧಕ್ಕೇ ಬಿಟ್ಟದ್ದು ಎಂದು ಯಾರು ಎಷ್ಟು ಹೇಳಿದರೂ ನಂಬುವುದಿಲ್ಲ.

"ಅರ್ಧ ಎಲ್ಲಿ ಅದ? ಪೂರಾ ಅದ," ಎಂದಳು ನನಗೂ. "ನನ್ನ ಕೊಟ್ಟಿದ್ದು ಹೊಳಿ ಆಚೆಕ. ಪಂಚಮ್ಯಾಗ ಭೀಮವ್ವ ತುಂಬೇ ಇರ್ತಾಳ. ಆವಾಗ ಹೊಳಿ ದಾಟೋ ಈ ಪೂಲ ಗೀಲ ಎಲ್ಲಿದ್ದು? ಅಣ್ಣ ಈ ದಂಡಿಗಿ ಬಂದ ನಿಂದ್ರಾಂವ, ನಾ ಆ ದಂಡಿಗಿ. ಕೂಗಿದ್ರ ಕೇಳಂಗಿಲ್ಲ. ರುಮಾಲ ಬೀಸಿ ಹೊಳ್ಳಿ ಹೋಗಾಂವ. ಎರಡ ವರ್ಷ ಹಾಂಗ ಆತು. ಈ ಹುಡುಗ ಖರೇದ ಬರದಾನ ಬೇ."

ಈ ವರ್ಷ ಮಾರ್ಚಿನಲ್ಲಿ ಟೇಪ್‌ರೆಕಾರ್ಡರ್ ಕ್ಯಾಸೆಟ್ಟನ್ನು ಅಗಿದುಬಿಟ್ಟಿತು. ಕಿರುಚಾಟ ನಡುವೆಯೇ ಗೊಗ್ಗರಾಗಿ ನಿಂತಿತು. ತೆರೆದು ನೋಡಿದರೆ ಕಂದು ಟೇಪು ಕರುಳಿನಂತೆ ಹೊರಬಂದಿತ್ತು. ಇರುವುದು ಅದೊಂದೇ ಕ್ಯಾಸೆಟ್. ಅಂಗಡಿಯಲ್ಲಿದ್ದವರೆಲ್ಲ ಎದ್ದು ನಿಂತರಂತೆ. ಸುಲಭಾಬಾಯಿ ಪೆನ್ಸಿಲಿನಲ್ಲಿ ಒಂದೊಂದೇ ಸುತ್ತು ಬಿಡಿಸಿ, ಬೆರಳಿನ ಮೇಲೆ ನೇವರಿಸಿ, ಮತ್ತೆ ಸುತ್ತಿದರು. ಎರಡು ದಿನ ಹಿಡಿಯಿತು. ಮೂರನೆಯ ಬೆಳಿಗ್ಗೆ ಆಟ ಏರಿತು. ಆದರೆ ಇನ್ನೊಮ್ಮೆ ಹೀಗಾದರೆ ಅಣ್ಣನ ಬಂಡಿ ದಂಡೆಯ ಮೇಲೂ ಉಳಿಯುವುದಿಲ್ಲ ಎಂದು ಅವರಿಗೆ ತಿಳಿಯಿತು.

ಬಂದೇನವಾಜ ಲಾರಿಯಲ್ಲಿ ಗುಲಬರ್ಗಾಕ್ಕೆ ಹೋಗಿ ಗೌಸಮೊಹಿದ್ದೀನರನ್ನು ಕರೆದುಕೊಂಡು ಬಂದರು. ವಾಮನನ ಜೊತೆ ಪಾಲಿಟೆಕ್ನಿಕ್ ಓದಿದವರು, ಈಗ ಅಲ್ಲಿ ಕಂಪ್ಯೂಟರ್ ಕಲಿಸುತ್ತಾರೆ. ಅವರು ಒಂದು ಗುಂಡಿ ಒತ್ತಿದ್ದೇ ಬಂಡಿ ಮಾಯವಾಗಿ, ಅದರ ಹಿಂದೆ ವಾಮನ ಬರೆದ ಸಾಲುಗಳು ಗಾಜಿನ ಮೇಲೆ ಬಂದವು. ಆಟವೆಂದರೆ ಕಂಪ್ಯೂಟರಿಗೆ ಒಂದಾದ ಮೇಲೊಂದು ಕೊಟ್ಟ ಅಪ್ಪಣೆಗಳಷ್ಟೇ. ಎಲ್ಲಕ್ಕೂ ನಂಬರು ಉಂಟು: ಹತ್ತು, ಇಪ್ಪತ್ತು, ಮೂವತ್ತು. ಕ್ಯಾಸೆಟ್ಟಿನ ನಕಲೂ ಒಂದು ದಿನ ಸವೆಯುತ್ತದೆ, ಇವನ್ನು ಕಾಗದಕ್ಕೆ ಇಳಿಸಿಟ್ಟರೆ ಟೇಪು ಹೋದರೂ ಆಟ ಹೋಗುವುದಿಲ್ಲ ಎಂದರು ಗೌಸಮೊಹಿದ್ದೀನ. ಸುಲಭಾಬಾಯಿ ಆವತ್ತಿನಿಂದ ಬೆಳಿಗ್ಗೆ ಅರ್ಧ ತಾಸು ಇಳಿಸತೊಡಗಿದರು. ಇಂಗ್ಲಿಷ್ ಅಕ್ಷರಗಳನ್ನು ರಂಗೋಲಿ ನೋಡಿ ಬರೆಯುವ ಹಾಗೆ ನೋಡಿ ಬರೆದರು. ಹೀಗೆ ಬರೆಯುವಾಗಲೇ ಅವರ ಕಣ್ಣಿಗೆ ಒಂದು ಸಂಗತಿ ಬಿತ್ತು. ಆರುನೂರಾ ತೊಂಬತ್ತನೆಯ ಸಾಲಿಗೆ ಬಂಡಿ ಹೊಳೆಗೆ ಬಂದು ನಿಲ್ಲುತ್ತದೆ. ಏಳುನೂರರಿಂದ ಎಂಟುನೂರಾ ತೊಂಬತ್ತರ ತನಕ, ಇಪ್ಪತ್ತು ಸಾಲಿನ ಜಾಗ, ಏನೂ ಇಲ್ಲ. ಒಂಬೈನೂರರಿಂದ ಮತ್ತೆ ಸಾಲುಗಳಿವೆ! ಬರೀ ಅಂಕಿಗಳು.

"ಹೊಳಿ ದಾಟಿದ ಮ್ಯಾಲಿಂದು ಅವ ಮೊದಲ ಬರದಿಟ್ಟಿದ್ದ," ಎನ್ನುತ್ತಾರೆ ಸುಲಭಾಬಾಯಿ.

ಮುಂದಿನ ರವಿವಾರ ಗೌಸಮೊಹಿದ್ದೀನ ಬಂದಾಗ ಚೌಕಳಿ ಹಾಳೆ ಹರವಿ ಕೂತರು. ಅವರು ಒಂದೊಂದು ಅಂಕಿ ಓದಿ, ಯಾವ ಮನೆ ಕಪ್ಪು ಯಾವುದು ಬಿಳಿ ಎಂದು ಹೇಳಿದರು. ಇವರು ಪೆನ್ಸಿಲಿನಿಂದ ತುಂಬಿದರು. ಮೊದಲು ಒಂದು ಬಾಗಿಲು ಮೂಡಿತು. ಹೊಸ್ತಿಲು ಮೂಡಿತು. ಹೊಸ್ತಿಲ ಮುಂದೆ ಸೆರಗು ಹೊದ್ದ ಒಂದು ಹೆಂಗಸು, ಬಂದವರ ಕಾಲಿಗೆ ನೀರು ಕೊಡಲು ತಂಬಿಗೆ ಹಿಡಿದವಳು. ಸಾಲು ಸಾಲಾಗಿ ತಲೆಯಿಂದ ಕೆಳಗಿಳಿಯುತ್ತ ಬಂದಳು. ತಂಬಿಗೆ ಎಡಗೈಯಲ್ಲಿತ್ತು.

ಮನೆಯಲ್ಲಿ ಎಡಚಿ ಎಂದರೆ ಸುಲಭಾಬಾಯಿ ಒಬ್ಬರೇ. ನೀರು ಕೊಡುವಾಗಲಾದರೂ ಬಲಗೈ ಬಳಸು ಎಂದು ತಾಯಿ ಎಷ್ಟು ಸಲ ಕೈಗೆ ಹೊಡೆದಿದ್ದಾರೋ.

"ಪೆನ್ಸಿಲ್ ಕೆಳಗ ಇಟ್ಟೆ ರೀ. ಗೌಸಣ್ಣ ಅಂಕಿ ಓದ್ತೇ ಇದ್ದ. ಸಾಕ ಅಂದೆ. ಅವ್ವನ್ನ ಕರದೆ. ಅವ್ವ ನೋಡಿ, 'ಇಲ್ಲಿಯಾದ್ರೂ ಬಲಗೈಯಾಗ ಕೊಡಬಾರದೇನ ಅವ' ಅಂದ್ಲು. ಅಂದು ಅಳಾಕತ್ತಿದ್ಲು."

ಗೌಸಮೊಹಿದ್ದೀನ ಅಲ್ಲೇ ಹೇಳಿದರು, "ಅಕ್ಕಾ, ನಡುವಿಂದು ಹತ್ತ ನಿಮಿಷದ ಕೆಲಸ. ಒಂದ ಹರಗೋಲ ಬರದು ದಾಟಿಸಿಬಿಡ್ತೇನಿ. ಇವತ್ತ ಮುಗೀತದ."

ಬಾಗಿಲಲ್ಲಿ ನಿಂತಿದ್ದ ಬಂದೇನವಾಜ 'ಯಾ ಅಲ್ಲಾ, ಬರೀಪ್ಪಾ ಲಗೂ' ಎಂದರು. ವಾಮನನಿಗೆ ಎಲ್ಲರ ಮುಂದೆ ಅಂದ ಮಾತು ನಾಲ್ಕು ವರ್ಷದಿಂದ ಅವರ ಎದೆಯ ಮೇಲಿತ್ತು. ಬಂಡಿ ದಾಟಿದರೆ ಅದೂ ಇಳಿದೀತು. ಎಲ್ಲರೂ ಸುಲಭಾಬಾಯಿಯ ಮುಖ ನೋಡಿದರು.

ಅವರು ಬೇಡ ಎಂದರು.

ಓಣಿಗೆ ಓಣಿಯೇ ಮಾತಾಡಿತು. "ನಾಕ ವರ್ಷ ಮಂದಿನ್ನ ದಂಡಿ ಮ್ಯಾಲ ನಿಲ್ಲಿಸೀರಿ, ಈಗ ದಾಟಸ್ತೇನಿ ಅಂದ್ರ ಒಲ್ಲೆ ಅಂತೀರಿ. ಇದೇನ ಜಿದ್ದ ಬಾಯಿ?" ಎಂದು ಬಂದೇನವಾಜ ಒಂದು ವಾರ ಅಂಗಡಿ ಕಡೆ ತಲೆ ಹಾಕಲಿಲ್ಲ. ಮಾಸ್ತರರು ಸಹ ಮೆಲ್ಲಗೆ ಹೇಳಿ ನೋಡಿದರು. ಸಂತೆಗೆ ಬಂದ ಗುರುಬಾಯಿ ಎಲ್ಲ ಕೇಳಿ, "ಆಕಿ ಹೊಳಿ, ಆಕಿ ಅಣ್ಣ. ನೀವ್ಯಾರ್ಲೇ?" ಎಂದು ಗಂಡಸರ ಬಾಯಿ ಮುಚ್ಚಿಸಿದಳು.

ಸುಲಭಾಬಾಯಿ ಗೌಸಮೊಹಿದ್ದೀನರನ್ನು ಕೇಳಿದ್ದು ಇಷ್ಟು: ನನಗ ಕಲಸ್ತೀಯೇನಪ್ಪಾ? ಇಪ್ಪತ್ತ ಸಾಲು ನಾನ ಬರೀಬೇಕು.

ಮತ್ತು ಅವರು ಬರೆಯುತ್ತಿರುವುದು ಎಲ್ಲರೂ ಎಣಿಸಿದ ಹಾಗಲ್ಲ. ಬಂಡಿ ದಾಟುವುದಿಲ್ಲ. ಆಚೆ ದಂಡೆಯಿಂದ ಎಡಗೈಯಲ್ಲಿ ತಂಬಿಗೆ ಹಿಡಿದ ತಂಗಿ ಹರಗೋಲು ಹತ್ತುತ್ತಾಳೆ. ಅವಳೇ ಈಚೆಗೆ ಬರುತ್ತಾಳೆ.

ರವಿವಾರಕ್ಕೊಂದು ಪಾಠ. ಬೆಳಿಗ್ಗೆ ಆಟ ಏರಿದ ಮೇಲೆ ಗಿರಾಕಿಗಳನ್ನು ಒಳಗೆ ಬಿಡುವ ಮುನ್ನ ಹತ್ತು ನಿಮಿಷ ಅಭ್ಯಾಸ. ಮೊದಲ ಸಲ ಹರಗೋಲು ನೀರು ಬಿಟ್ಟು ಆಕಾಶಕ್ಕೆ ಹೋಯಿತು. ಕಿಂಡಿಯಿಂದ ನೋಡುತ್ತಿದ್ದ ಶಿವರಾಯ, "ಅಕ್ಕಾರ, ಅದು ಗುಬ್ಬಿ ಅಲ್ರಿ, ಇಳಸ್ರಿ!" ಎಂದು ಕೂಗಿದ. ಇನ್ನೊಮ್ಮೆ ತಂಗಿ ದಂಡೆಯಲ್ಲೇ ಉಳಿದು ಹರಗೋಲು ಮಾತ್ರ ಬಂತು. ಒಂದು ತಿಂಗಳ ಕೆಲಸ ಒಮ್ಮೆ ಕರೆಂಟಿಗೆ ಹೋಯಿತು. ಈಗ ಪ್ರತಿ ಸಾಲನ್ನೂ ಮೊದಲು ವಹಿಯಲ್ಲಿ ಬರೆಯುತ್ತಾರೆ, ಸರಿಯಾದರೆ ಹೊಸ ಕ್ಯಾಸೆಟ್ಟಿಗೆ ಹಾಕುತ್ತಾರೆ. ಅಣ್ಣನ ಕ್ಯಾಸೆಟ್ಟಿನ ಮೇಲೆ ಏನೂ ಬರೆಯುವುದಿಲ್ಲ. ಅಭ್ಯಾಸದ ಸಾಲುಗಳನ್ನು ಅಳಿಸಿ, ಗಿರಾಕಿಗಳಿಗೆ ಇನ್ನೂ ಹಳೆಯ ಆಟವನ್ನೇ ಬಿಡುತ್ತಾರೆ. ಇದ್ದಷ್ಟು ತೋರಿಸಿ ಎಂದು ಪೀಡಿಸುವವರಿಗೆ ಅವರ ಉತ್ತರ ಒಂದೇ: "ಅರ್ಧಕ್ಕ ಬಿಡಂಗಿಲ್ರಿ. ಒಮ್ಮೆ ಬಿಟ್ಟ ನೋಡೀವಿ."

ಹೊರಗೆ ಹೊತ್ತು ಮೂಡುತ್ತಿದೆ. ದಾಲ್ ಮಿಲ್ಲಿನ ಮೋಟಾರು ಗುರ್ ಎಂದು ಶುರುವಾಗಿ ಟಿ.ವಿ.ಯ ಬೆಳಕು ಒಮ್ಮೆ ಕುಗ್ಗಿ ಮತ್ತೆ ನಿಲ್ಲುತ್ತದೆ. ಆ ವಾರದ ಮುನಿಸನ್ನು ಎಂದೋ ಮರೆತ ಬಂದೇನವಾಜ ತಗಡು ಬಿಗಿದ ಹಿಡಿಕೆ ಹಿಡಿದು ಕೂತಿದ್ದಾರೆ. ಚಿಗರಿ ತಪ್ಪಿಸಿ, ಕುರಿ ತಪ್ಪಿಸಿ, ಎರಡು ಉಂಡಿ ಉಳಿಸಿಕೊಂಡು ದಂಡೆಗೆ ಬರುತ್ತಾರೆ. ಬಂಡಿ ನಿಲ್ಲುತ್ತದೆ. ಎತ್ತು ತಲೆ ಅಲ್ಲಾಡಿಸುತ್ತದೆ. ಅವರು ಹಿಡಿಕೆ ಬಿಟ್ಟು, "ಬಂದೇನಪ್ಪಾ ವಾಮನ್," ಎಂದು ಮೆಲ್ಲಗೆ ಹೇಳುತ್ತಾರೆ. ದಿನಾ ಹೇಳುತ್ತಾರಂತೆ. ಸುಲಭಾಬಾಯಿ ಬೆಲ್ಲ, ನೀರು ತಂದು ಕೊಡುತ್ತಾರೆ. ಎಡಗೈಯಲ್ಲಿ.

ಈ ಪಂಚಮಿಗೆ ಮುಗಿಯುತ್ತದೆಯೇ ಎಂದು ನಾನು ಕೇಳುತ್ತೇನೆ. ಹಬ್ಬಕ್ಕೆ ಇನ್ನು ಹತ್ತೊಂಬತ್ತು ದಿನ.

ಅವರು ವಹಿ ತೆರೆದು ಬೆರಳಿಟ್ಟು ಎಣಿಸುತ್ತಾರೆ. "ಹತ್ತ ಸಾಲ ಆಗ್ಯಾವ, ಹತ್ತ ಉಳದಾವ. ಈ ಸಲ ಆಗಂಗಿಲ್ರಿ. ಇಂಥಾ ದಿನ ಅಂತ ಗೊತ್ತ ಮಾಡಿ ಅವಸರ ಮಾಡಾಕ ನನಗ ಧೈರ್ಯ ಇಲ್ಲ. ಬರೋ ವರ್ಷ ಆಗಲಿ, ಅದರ ಮುಂದಿನ ವರ್ಷ ಆಗಲಿ." ವಹಿ ಮುಚ್ಚಿ, ಕಾರ್ಡಿದ್ದ ಪ್ಲಾಸ್ಟಿಕ್ ಚೀಲದಲ್ಲೇ ಅದನ್ನೂ ಇಡುತ್ತಾರೆ. "ನನ್ನ ಹರಗೋಲ ನಡುಹೊಳಿಗಿ ಬಂದದ ನೋಡ್ರಿ. ಇಷ್ಟ ದಿನ ಅವ ಒಬ್ಬನ ನಿಂತಿದ್ದ. ಈಗ ಅಲ್ಲಿಂದ ಅವಗ ನಾ ಕಾಣ್ತೇನಿ."